ಇದರಲ್ಲಿ ನುಡಿಸಿದ್ದು ಯಾರು?

ಹೆವಿ ಮೆಟಲ್ ಗಾಯಕ ಓಝಿ ಓಸ್ಬೋರ್ನ್‌ನ ಆಲ್ಬಮ್ ‘ಬ್ಲಿಝಾರ್ಡ್ ಆಫ್ ಓಝ್’ 1980ರಲ್ಲಿ ಬಂದಾಗ ಅದರಲ್ಲಿ ಬೇಸ್ ಗಿಟಾರ್ ನುಡಿಸಿದ್ದು ಬಾಬ್ ಡೇಸ್ಲಿ, ಡ್ರಮ್ಸ್ ಬಾರಿಸಿದ್ದು ಲೀ ಕರ್ಸ್‌ಲೇಕ್. ಅದೇ ಆಲ್ಬಮ್ 2002ರಲ್ಲಿ ಮರುಬಿಡುಗಡೆಯಾದಾಗ ಅದರೊಳಗೆ ಇವರಿಬ್ಬರೂ ಇರಲಿಲ್ಲ. ಹಾಡುಗಳು ಅವೇ, ಓಝಿಯ ಗಂಟಲು ಅದೇ, ಅಷ್ಟು ಹೊತ್ತಿಗೆ ತೀರಿಹೋಗಿ ಇಪ್ಪತ್ತು ವರ್ಷವಾಗಿದ್ದ ರ‍್ಯಾಂಡಿ ರೋಡ್ಸ್‌ನ ಗಿಟಾರೂ ಅದೇ. ಬೇಸ್ ಮತ್ತು ಡ್ರಮ್ಸ್ ಮಾತ್ರ ತೆಗೆದುಹಾಕಿ, ರಾಬರ್ಟ್ ಟ್ರುಹಿಯೊ ಮತ್ತು ಮೈಕ್ ಬಾರ್ಡಿನ್ ಕೈಲಿ ಹೊಸದಾಗಿ ನುಡಿಸಿ ಸೇರಿಸಿದ್ದರು. 1981ರ ‘ಡೈರಿ ಆಫ್ ಎ ಮ್ಯಾಡ್‌ಮನ್’ಗೂ ಇದೇ ಗತಿಯಾಯಿತು. ಹಳೆಯ ವಾದಕರಿಬ್ಬರೂ ರಾಯಲ್ಟಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದ್ದರು, ಅದೇ ಇದಕ್ಕೆಲ್ಲ ಹಿನ್ನೆಲೆ. 2011ರ ಮರುಬಿಡುಗಡೆಯಲ್ಲಿ ಅವರಿಬ್ಬರ ವಾದನ ವಾಪಸ್ ಬಂತು.

ಹೊರಗಿನ ರಟ್ಟಿನ ಕವಚವನ್ನು ಹಾಗೇ ಇಟ್ಟು ಒಳಗಿನ ಮನುಷ್ಯರನ್ನು ಬದಲಾಯಿಸಬಹುದು ಅಂತ ನನಗೆ ಗೊತ್ತಾದದ್ದು ಈ ಆಲ್ಬಮ್ಮಿನಿಂದ. ಆಮೇಲೆ ಮರುಬಿಡುಗಡೆಯಾದ ಯಾವ ಆಲ್ಬಮ್ ಕೈಗೆ ಬಂದರೂ ಚೆನ್ನಾಗಿದೆಯಾ ಅಂತ ಕೇಳಿಕೊಳ್ಳುವುದಕ್ಕಿಂತ ಮುಂಚೆ, ಇದರಲ್ಲಿ ನುಡಿಸಿದ್ದು ಯಾರು, ತಿದ್ದಿದ್ದು ಯಾರು, ಯಾಕೆ ತಿದ್ದಿದರು ಅಂತ ಕೇಳಿಕೊಳ್ಳುತ್ತೇನೆ. ಮೈಸೂರಿನಲ್ಲಿ ಕೂತು ಹೆವಿ ಮೆಟಲ್ ಆಲ್ಬಮ್ಮುಗಳ ಬಗ್ಗೆ ಕನ್ನಡದಲ್ಲಿ ಬರೆಯುವ ನನಗೆ ಮೊದಲ ಕೆಲಸ ಅದೇ. ಇಷ್ಟವಾಯಿತೋ ಇಲ್ಲವೋ ಅನ್ನುವುದು ಆಮೇಲಿನ ಮಾತು.

ಓಝಿ 2025ರ ಜುಲೈ 22ರಂದು ತೀರಿಕೊಂಡ. ಅದೇ ತಿಂಗಳ 5ರಂದು, ಹುಟ್ಟೂರು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ, ಅವನ ಹಳೆಯ ತಂಡ ಬ್ಲ್ಯಾಕ್ ಸಬ್ಬಾತ್‌ನ ಮೂಲ ನಾಲ್ವರು ಕೊನೆಯ ಸಲ ಒಟ್ಟಿಗೆ ನುಡಿಸಿದ್ದರು. ನಿಲ್ಲಲಾಗದ ಓಝಿ ಸಿಂಹಾಸನದಂಥ ಕುರ್ಚಿಯಲ್ಲಿ ಕೂತು ಹಾಡಿದ. ಅವನು ಹೋದ ವಾರ, ನಮ್ಮ ಬೀದಿಯ ಪಿಜಿಯಲ್ಲಿರುವ ಮದ್ದೂರಿನ ಇಂಜಿನಿಯರಿಂಗ್ ಹುಡುಗನೊಬ್ಬ ಫೋನ್ ಹಿಡಿದುಕೊಂಡು ಮನೆಗೆ ಬಂದ. “ಅಣ್ಣ, ಒಂದೇ ಆಲ್ಬಮ್ಮು ಮೂರ್ನಾಕ್ ಥರ ತೋರುಸ್ತಾ ಅದೆ. ಯಾವುದ್ನ ಕೇಳ್ಲಿ?” ಅಂದ. ಒಂದರ ಮುಂದೆ ರೀಮಾಸ್ಟರ್ಡ್ ಅಂತಿತ್ತು, ಇನ್ನೊಂದರ ಮುಂದೆ ಡೀಲಕ್ಸ್, ಮತ್ತೊಂದರ ಮುಂದೆ ವಾರ್ಷಿಕೋತ್ಸವದ ಆವೃತ್ತಿ. ಇವುಗಳಿಗೆ ಏನು ವ್ಯತ್ಯಾಸ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಆಲ್ಬಮ್ ಮಾರುವವರೂ ಹೇಳುವುದಿಲ್ಲ.

ಸ್ಟುಡಿಯೋದಲ್ಲಿ ಒಂದೊಂದು ವಾದ್ಯವೂ ತನ್ನದೇ ಟ್ರ್ಯಾಕಿನಲ್ಲಿ ಮುದ್ರಣವಾಗುತ್ತದೆ. ಅವನ್ನೆಲ್ಲ ಹದವರಿತು ಬೆರೆಸಿ ಎಡ, ಬಲ ಎರಡು ಚಾನೆಲ್ಲಿಗೆ ಇಳಿಸುವುದು ಮಿಕ್ಸಿಂಗ್. ಹಾಗೆ ಇಳಿಸಿದ್ದನ್ನು ಎಲ್‌ಪಿ ತಟ್ಟೆಗೋ ಸಿಡಿಗೋ ಹೊಂದುವಂತೆ ಕೊನೆಯ ಬಾರಿ ಒಪ್ಪ ಮಾಡುವುದು ಮಾಸ್ಟರಿಂಗ್. ರೀಮಾಸ್ಟರ್ ಅಂದರೆ ಈ ಕೊನೆಯ ಕೆಲಸವನ್ನಷ್ಟೇ ಮತ್ತೆ ಮಾಡಿದ್ದಾರೆ ಅಂತ ಅರ್ಥ. ಒಟ್ಟಾರೆ ನಾದ ಸ್ವಲ್ಪ ಬೆಳಗಬಹುದು, ಸ್ವಲ್ಪ ಗಟ್ಟಿಯಾಗಬಹುದು. ಆದರೆ ಡ್ರಮ್ಸ್ ಹಿಂದೆ ಅಡಗಿಕೊಂಡ ವಾದ್ಯವನ್ನು ಅಲ್ಲಿಂದ ಎಳೆದು ಮುಂದೆ ತರುವುದಕ್ಕಾಗುವುದಿಲ್ಲ. ರೀಮಿಕ್ಸ್ ಮಾಡುವವರು ಮೂಲ ಟ್ರ್ಯಾಕುಗಳ ತನಕ ಹಿಂದಕ್ಕೆ ಹೋಗುತ್ತಾರೆ. ಅಲ್ಲಿ ಯಾರ ದನಿ ಮೇಲೆ, ಯಾರದು ಕೆಳಗೆ ಅನ್ನುವ ಪ್ರತಿ ತೀರ್ಮಾನವನ್ನೂ ಇನ್ನೊಬ್ಬರು ಹೊಸದಾಗಿ ತೆಗೆದುಕೊಳ್ಳುತ್ತಾರೆ. ಅದು ಬೇರೆಯೇ ಆಲ್ಬಮ್ ಅಂತ ನಾನು ಲೆಕ್ಕ ಹಾಕುತ್ತೇನೆ, ವಿಮರ್ಶೆಯನ್ನೂ ಹಾಗೇ ಬರೆಯುತ್ತೇನೆ.

ಅಮೆರಿಕದ ಮೆಟಾಲಿಕಾ ತಂಡದ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ ವಿಷಯದಲ್ಲಿ ಈ ವ್ಯತ್ಯಾಸ ತಿಳಿಯದೆಯೇ ಜಗಳಗಳಾಗಿವೆ. 1988ರ ಈ ಆಲ್ಬಮ್ಮಿನಲ್ಲಿ ಬೇಸ್ ಗಿಟಾರ್ ಇದೆಯೋ ಇಲ್ಲವೋ ಅನ್ನಿಸುವಷ್ಟು ಕೆಳಗೆ ಹೋಗಿದೆ. ಹಿಂದಿನ ಬೇಸ್ ವಾದಕ ಕ್ಲಿಫ್ ಬರ್ಟನ್ 1986ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನಲ್ಲಿ ಬಸ್ ಅಪಘಾತದಲ್ಲಿ ತೀರಿಕೊಂಡಿದ್ದ. ಅವನ ಜಾಗಕ್ಕೆ ಬಂದ ಜೇಸನ್ ನ್ಯೂಸ್ಟೆಡ್ ಇಡೀ ಆಲ್ಬಮ್ ನುಡಿಸಿದ, ಆದರೆ ಅವನ ನುಡಿಸಾಣಿಕೆ ನಮ್ಮ ಕಿವಿಗೆ ಬೀಳಲಿಲ್ಲ. ಮೂವತ್ತು ವರ್ಷ ಕಳೆದು 2018ರಲ್ಲಿ ದೊಡ್ಡ ಬಾಕ್ಸ್ ಸೆಟ್ ಬಂದಾಗ ಈಗಲಾದರೂ ಬೇಸ್ ಕೇಳುತ್ತದೆ ಅಂತ ಎಷ್ಟೋ ಜನ ಕಾದಿದ್ದರು. ಕೇಳಲಿಲ್ಲ. ಅದು ರೀಮಾಸ್ಟರ್. ಹಳೆಯ ಮಿಕ್ಸನ್ನು ಮುಟ್ಟುವುದು ಬೇಡ ಅಂತ ತಂಡದವರು ತೀರ್ಮಾನಿಸಿದ್ದರು.

ಆ ತೀರ್ಮಾನ ಸರಿ ಅಂತ ನಾನು ಆಗಲೇ ಬರೆದೆ, ಈಗಲೂ ಹಾಗೇ ಹೇಳುತ್ತೇನೆ. ನ್ಯೂಸ್ಟೆಡ್‌ಗೆ ಆದದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಆಲ್ಬಮ್ಮಿನ ಒಣ ಒಣ ಗಿಟಾರು, ಕೊಡಲಿ ಏಟಿನಂಥ ಡ್ರಮ್ಸು, ಕೆಳಗೆ ಬರಿದಾಗಿ ಬಿಟ್ಟ ಜಾಗ, ಇವೆಲ್ಲ ಸೇರಿ ಗೆಳೆಯನನ್ನು ಕಳೆದುಕೊಂಡ ತಂಡವೊಂದರ ಆ ಎರಡು ವರ್ಷದ ದಾಖಲೆಯಾಗಿದೆ. ಅಲ್ಲಿ ಈಗ ಬೇಸ್ ತುಂಬಿದರೆ ಕಿವಿಗೆ ಹಿತವಾದೀತು, ದಾಖಲೆ ಸುಳ್ಳಾದೀತು.

ಮೆಗಾಡೆತ್ ತಂಡದ ಗಾಯಕ ಡೇವ್ ಮಸ್ಟೇನ್ ತೀರಾ ಬೇರೆ ದಾರಿ ಹಿಡಿದ. 2004ರಲ್ಲಿ ತನ್ನ ಹಳೆಯ ಆಲ್ಬಮ್ಮುಗಳನ್ನು ಸಾಲಾಗಿ ರೀಮಿಕ್ಸ್ ಮಾಡಿದ. 1990ರ ‘ರಸ್ಟ್ ಇನ್ ಪೀಸ್’ ಕೈಗೆತ್ತಿಕೊಂಡಾಗ ಗಾಯನದ ಕೆಲವು ಮೂಲ ಟ್ರ್ಯಾಕುಗಳೇ ಸಿಗಲಿಲ್ಲ, ಹಾಗಾಗಿ ಕೆಲವು ಕಡೆ ಮತ್ತೆ ಹಾಡಿ ಸೇರಿಸಿದ. ಹದಿನಾಲ್ಕು ವರ್ಷ ದೊಡ್ಡವನಾದ ಗಂಟಲು ಹಳೆಯ ಗಿಟಾರಿನ ಪಕ್ಕ ನಿಂತಾಗ ಎಲ್ಲಿ ಬೆಸುಗೆ ಹಾಕಿದ್ದಾರೆ ಅಂತ ಗೊತ್ತಾಗಿಬಿಡುತ್ತದೆ. ಮೂಲ ಆವೃತ್ತಿಯನ್ನು ಹತ್ತಾರು ವರ್ಷದಿಂದ ಕೇಳುತ್ತಿರುವವರಿಗೆ ಆ ಜಾಗಗಳಲ್ಲಿ ಮೈ ಜುಮ್ಮೆನ್ನುವ ಬದಲು ಗಮನ ಕದಲುತ್ತದೆ. ನನ್ನ ಓಟು 1990ರದ್ದಕ್ಕೇ.

ಟೇಪುಗಳ ಕಥೆಯನ್ನೂ ಹೇಳಬೇಕು, ಯಾಕೆಂದರೆ ಎಲ್ಲ ಮರುಬಿಡುಗಡೆಯೂ ದುಡ್ಡು ಮಾಡುವ ಉಪಾಯವಲ್ಲ. 70, 80ರ ದಶಕದ ಕೆಲವು ಬಗೆಯ ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಟ್ಟಿರುವ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಹಾಗೇ ಯಂತ್ರಕ್ಕೆ ಹಾಕಿದರೆ ಟೇಪು ಓದುವ ಹೆಡ್ಡಿಗೆ ಮೆತ್ತಿಕೊಂಡು ಸಂಗೀತವೇ ಉದುರಿಹೋಗುತ್ತದೆ. ಸುಮಾರು 54 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸಿದರೆ ಆ ಅಂಟು ಸ್ವಲ್ಪ ಕಾಲ ಗಟ್ಟಿಯಾಗುತ್ತದೆ. ಅಷ್ಟರೊಳಗೆ ನಕಲು ಮಾಡಿಕೊಂಡುಬಿಡಬೇಕು. ಇನ್ನು 2008ರ ಜೂನ್ 1ರಂದು ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋದ ಆವರಣದಲ್ಲಿ ಬಿದ್ದ ಬೆಂಕಿಯಲ್ಲಿ ಎಷ್ಟೋ ಕಲಾವಿದರ ಮಾಸ್ಟರ್ ಟೇಪುಗಳು ಸುಟ್ಟುಹೋದವು. ಹೀಗಿರುವಾಗ ಯಾರೋ ಒಬ್ಬರು ಮೂಲ ಟೇಪು ಹುಡುಕಿ, ಒಣಗಿಸಿ, ಶ್ರದ್ಧೆಯಿಂದ ವರ್ಗಾಯಿಸಿದ್ದಾರೆ ಅಂತ ರಟ್ಟಿನ ಮೇಲೆ ಓದಿದರೆ ನನಗೆ ಅವರ ಬಗ್ಗೆ ಕೃತಜ್ಞತೆ ಹುಟ್ಟುತ್ತದೆ. ಅವರ ಹೆಸರನ್ನು ವಿಮರ್ಶೆಯಲ್ಲಿ ಬರೆದೇ ಬರೆಯುತ್ತೇನೆ.

ಎರಡು ಆವೃತ್ತಿಗಳನ್ನು ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳದೆ ಏನನ್ನೂ ಬರೆಯಬಾರದು. ಹೊಸ ಮುದ್ರಣ ಹೆಚ್ಚುಕಡಿಮೆ ಯಾವಾಗಲೂ ಹಳೆಯದಕ್ಕಿಂತ ಜೋರಾಗಿರುತ್ತದೆ, ಜೋರಾಗಿರುವುದು ಕಿವಿಗೆ ತಕ್ಷಣ ಚೆಂದ ಅನ್ನಿಸುತ್ತದೆ. ಹಾಗಾಗಿ ಒಂದೇ ಹಾಡಿನ ಒಂದೇ ಜಾಗ, ಉದಾಹರಣೆಗೆ ಮೊದಲ ಚರಣ ಮುಗಿದು ಡ್ರಮ್ಸ್ ಒಬ್ಬಂಟಿಯಾಗುವ ಕಡೆ, ಎರಡರಲ್ಲೂ ಗುರುತು ಹಾಕಿಕೊಂಡು ಹೊಸದರ ವಾಲ್ಯೂಮನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಹೋಗುತ್ತೇನೆ. ಎರಡೂ ಸಮ ಅನ್ನಿಸಿದ ಕ್ಷಣದಲ್ಲಿ ನಿಜ ಹೊರಬೀಳುತ್ತದೆ. ಹಳೆಯದರಲ್ಲಿ ಸ್ನೇರ್ ಡ್ರಮ್ಮಿನ ಏಟು ಎದೆಗೆ ಬಂದು ಬಡಿಯುತ್ತದೆ. ಹೊಸದರಲ್ಲಿ ಅದೇ ಏಟು ಗಿಟಾರಿನ ಗೋಡೆಯಲ್ಲಿ ಹೂತುಹೋಗಿರುತ್ತದೆ. ಸಿಡಿಯಲ್ಲಿ ಶಬ್ದಕ್ಕೆ ಒಂದು ಮೇಲ್ಮಿತಿ ಇದೆ, ಅದನ್ನು ದಾಟಲಾಗದು. ಎಲ್ಲವನ್ನೂ ಜೋರು ಮಾಡಬೇಕೆಂದರೆ ಮೇಲೆದ್ದ ಏಟುಗಳ ತಲೆ ಕತ್ತರಿಸಿ, ಸಣ್ಣ ದನಿಗಳನ್ನು ಮೇಲಕ್ಕೆತ್ತಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರಬೇಕಾಗುತ್ತದೆ. ಮೆಟಾಲಿಕಾದ 2008ರ ‘ಡೆತ್ ಮ್ಯಾಗ್ನೆಟಿಕ್’ ಹೀಗೇ ನಲುಗಿತು. ಅದೇ ಹಾಡುಗಳು ಒಂದು ವಿಡಿಯೋ ಗೇಮಿನಲ್ಲಿ ಇಷ್ಟು ಹಿಂಡದೆ ಬಂದಿದ್ದವು. ಅಭಿಮಾನಿಗಳು ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ, ಆಲ್ಬಮ್ಮನ್ನು ಮತ್ತೆ ಮಿಕ್ಸ್ ಮಾಡಿಕೊಡಿ ಅಂತ ಸಹಿ ಸಂಗ್ರಹ ಮಾಡಿದರು.

ಮಂಡ್ಯದ ಕಡೆ ಮಾರಿಹಬ್ಬದಲ್ಲಿ ತಮಟೆ ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಾರಿಸುವ ಮೊದಲು ಒಣಹುಲ್ಲಿನ ಬೆಂಕಿಗೆ ಹಿಡಿದು ಚರ್ಮ ಕಾಯಿಸುತ್ತಾರೆ. ಬೆರಳಲ್ಲಿ ತಟ್ಟಿ ನೋಡುತ್ತಾರೆ, ಸಾಲದಿದ್ದರೆ ಮತ್ತೆ ಬೆಂಕಿಗೆ ಹಿಡಿಯುತ್ತಾರೆ. ಬಿಗಿ ಬಂದ ಮೇಲೆ ಬೀಳುವ ಏಟು ನಮ್ಮನ್ನು ನಡುಗಿಸುವುದು ಅದರ ಹಿಂದೆ ಮುಂದೆ ಬಿಟ್ಟಿರುವ ತೆರಪಿನಿಂದ. ಸಣ್ಣ ಕಡ್ಡಿಯ ಟಕಟಕ ನಡೆಯುತ್ತಿರುತ್ತದೆ, ದಪ್ಪ ಕೋಲು ಕಾದು ಬಂದು ಬೀಳುತ್ತದೆ. ಆ ಟಕಟಕವೂ ದಪ್ಪ ಏಟಿನಷ್ಟೇ ಜೋರಾಗಿದ್ದರೆ ದೇವರು ಮೈಮೇಲೆ ಬರುವುದಿರಲಿ, ಮಕ್ಕಳೂ ತಿರುಗಿ ನೋಡುವುದಿಲ್ಲ. ಹೆವಿ ಮೆಟಲ್ ಅಂದರೆ ಬರೀ ಗಲಾಟೆ ಅನ್ನುವವರಿಗೂ, ಗಲಾಟೆ ಹೆಚ್ಚಿದಷ್ಟೂ ಮೆಟಲ್ ಅಂತ ಎಲ್ಲವನ್ನೂ ಮೇಲ್ಮಿತಿಗೆ ತಂದು ನಿಲ್ಲಿಸುವ ಮಾಸ್ಟರಿಂಗ್‌ನವರಿಗೂ ನಾನು ಇದನ್ನೇ ಹೇಳುತ್ತೇನೆ. ಈಗ ಸ್ಟ್ರೀಮಿಂಗ್ ಆ್ಯಪ್‌ಗಳು ಎಲ್ಲ ಹಾಡುಗಳನ್ನೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಇಳಿಸಿ ಕೇಳಿಸುತ್ತವೆ. ಹಾಗಾಗಿ ಹಿಂಡಿ ಜೋರು ಮಾಡಿದ್ದರಿಂದ ಬರುವ ಲಾಭವೂ ಹೋಯಿತು. ಹಿಂಡಿದ ಗಾಯ ಮಾತ್ರ ಉಳಿಯಿತು.

ನಮ್ಮ ತಲೆಮಾರಿನವರು ಮೈಸೂರಿನಲ್ಲಿ ಮೆಟಲ್ ಕೇಳಿದ್ದೆಲ್ಲ ಕ್ಯಾಸೆಟ್ಟಿನಲ್ಲಿ, ಅದರಲ್ಲೂ ಡಬ್ಬಿಂಗ್ ಮಾಡಿಸಿದ ಕ್ಯಾಸೆಟ್ಟಿನಲ್ಲಿ. ಖಾಲಿ ಸಿ-90 ಕೊಟ್ಟು ಬಂದರೆ ಒಂದೊಂದು ಪಕ್ಕಕ್ಕೆ ಒಂದೊಂದು ಆಲ್ಬಮ್ ತುಂಬಿಸಿ ಕೊಡುತ್ತಿದ್ದರು. ಪಕ್ಕವೊಂದಕ್ಕೆ 45 ನಿಮಿಷ. ಮೆಟಾಲಿಕಾದ ‘ರೈಡ್ ದ ಲೈಟ್ನಿಂಗ್’ 47 ನಿಮಿಷ ಚಿಲ್ಲರೆ. ಕೊನೆಯಲ್ಲಿ ಬರುವ ಆ ದೀರ್ಘ ವಾದ್ಯಕೃತಿ ಮುಗಿಯುವ ಮೊದಲೇ ಕಟ್ ಆಗುತ್ತಿತ್ತು, ಅದು ಹೇಗೆ ಮುಗಿಯುತ್ತದೆ ಅಂತ ನಮಗೆ ಎಷ್ಟೋ ಕಾಲ ಗೊತ್ತಿರಲಿಲ್ಲ. ಅಂಗಡಿಯ ಡೆಕ್ಕು ಒಂದಿಷ್ಟು ಬೇಗ ತಿರುಗುತ್ತಿದ್ದರೆ ಹಾಡಿನ ಶ್ರುತಿಯೇ ಬದಲಾಗಿಬಿಡುತ್ತಿತ್ತು. ರಟ್ಟಿನ ಚಿತ್ರ ಇಲ್ಲ, ಸಾಹಿತ್ಯ ಇಲ್ಲ, ಯಾರು ನುಡಿಸಿದರೆಂಬ ವಿವರ ಇಲ್ಲ. ಅಲಹಾಬಾದಿನಿಂದ 1993ರಲ್ಲಿ ಶುರುವಾದ ‘ರಾಕ್ ಸ್ಟ್ರೀಟ್ ಜರ್ನಲ್’ ಪತ್ರಿಕೆ ಗೆಳೆಯರ ಕೈಯಿಂದ ಕೈಗೆ ಬಂದಾಗ ಅದರ ವಿಮರ್ಶೆಗಳನ್ನು ಅಕ್ಷರ ಬಿಡದೆ ಓದುತ್ತಿದ್ದೆವು. ಒಂದು ಸಾಲು ಮಾಹಿತಿಗೆ ಎಂಥ ಬೆಲೆ ಇದೆ ಅಂತ ಆಗ ತಿಳಿದವರು ಈಗಲೂ ಸುಮ್ಮನೆ ನಕ್ಷತ್ರ ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ.

ನನ್ನ ಸೋದರಮಾವ ಕರ್ನಾಟಕ ಸಂಗೀತದವರು. ವಿ.ವಿ. ಮೊಹಲ್ಲಾದ 8ನೇ ಕ್ರಾಸಿನ ಗಣೇಶೋತ್ಸವದ ಕಚೇರಿಗಳೆಂದರೆ ಅವರಿಗೆ ಜೀವ. ತನಿ ಆವರ್ತನದಲ್ಲಿ ಮೃದಂಗದವರು ಎಲ್ಲಿ ಅರೆ ಅಕ್ಷರ ಎಳೆದರು ಅಂತ ಮನೆಗೆ ಬಂದ ಮೇಲೂ ತಾಳ ಹಾಕಿ ತೋರಿಸುತ್ತಾರೆ. ಬ್ಲ್ಯಾಕ್ ಸಬ್ಬಾತ್‌ನ ಮೊದಲ ಆಲ್ಬಮ್ಮಿನ ಮೊದಲ ಹಾಡನ್ನು ಅವರಿಗೆ ಕೇಳಿಸಿದ್ದೆ. 1969ರ ಅಕ್ಟೋಬರಿನಲ್ಲಿ ಹೆಚ್ಚುಕಡಿಮೆ ಒಂದೇ ದಿನದಲ್ಲಿ ಮುದ್ರಿಸಿ, 1970ರ ಫೆಬ್ರವರಿ 13ರಂದು ಹೊರತಂದ ಆಲ್ಬಮ್ ಅದು. ಮಳೆ, ಗಂಟೆ, ಆಮೇಲೆ ಗಿಟಾರು. ಮಾವ ಕಣ್ಣು ಮುಚ್ಚಿ ಕೇಳಿದರು. “ಷಡ್ಜ, ತಾರ ಷಡ್ಜ, ಅಲ್ಲಿಂದ ಬಂದು ಪ್ರತಿ ಮಧ್ಯಮದ ಮೇಲೆ ಕೂತ್ಕೋತಾನಲ್ಲೋ! ಪಂಚಮ ಮುಟ್ಟೋದೇ ಇಲ್ವಲ್ಲ, ಅದಕ್ಕೇ ಹೀಗೆ ಅಂತರದಲ್ಲಿ ನೇತಾಡ್ದಂಗೆ ಇರೋದು” ಅಂದರು.

ಯುರೋಪಿನಲ್ಲಿ ಸೈತಾನನ ಸ್ವರಾಂತರ ಅಂತ ಹೆಸರು ಬಿದ್ದದ್ದು ಷಡ್ಜಕ್ಕೂ ಪ್ರತಿ ಮಧ್ಯಮಕ್ಕೂ ನಡುವಿನ ಈ ಅಂತರಕ್ಕೇ. ನಮ್ಮಲ್ಲಿ 72 ಮೇಳಕರ್ತ ರಾಗಗಳಲ್ಲಿ ಅರ್ಧಕ್ಕರ್ಧ, 36, ಪ್ರತಿ ಮಧ್ಯಮದವು. ಕಲ್ಯಾಣಿಯ ಮಂಗಳಕರ ಬೆಳಕು ಬರುವುದೂ ಇದೇ ಸ್ವರದಿಂದ. ಹಾಗಾದರೆ ಸಬ್ಬಾತ್‌ನ ಆ ಮೂರು ಸ್ವರ ಯಾಕೆ ಹೆದರಿಸುತ್ತವೆ? ಮಾವ ಹೇಳಿದ್ದರಲ್ಲೇ ಉತ್ತರವಿದೆ. ಪಂಚಮದ ಆಸರೆ ತೆಗೆದು, ವೇಗ ಇಳಿಸಿ, ಅಲ್ಲೇ ನಿಲ್ಲಿಸಿದ್ದಾರೆ. ಮೆಟಲ್ ರಿಫ್‌ಗಳಲ್ಲಿ, ಅಂದರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರಿನ ಪುಟ್ಟ ಸ್ವರಗುಚ್ಛಗಳಲ್ಲಿ, ತೋಡಿಯ ಸ್ವರಗಳು ಸಿಗುತ್ತವೆ, ವಕುಳಾಭರಣದ ಸ್ವರಗಳೂ ಧಾರಾಳವಾಗಿ ಸಿಗುತ್ತವೆ. ಗಮಕ ಇಲ್ಲದೆ ಸ್ವರ ಜೋಡಿಸಿದರೆ ರಾಗ ಆಗುವುದಿಲ್ಲ ಅಂತ ಮಾವ ಎಚ್ಚರಿಸುತ್ತಾರೆ, ಅದು ನಿಜ. ಆದರೂ ಕನ್ನಡದ ಓದುಗರಿಗೆ ಒಂದು ರಿಫ್ ಹೇಗಿದೆ ಅಂತ ಹೇಳುವಾಗ ನನಗೆ ಈ ಸ್ವರಗಳ ಹೆಸರೇ ಮೊದಲು ನೆರವಿಗೆ ಬರುವುದು. ಶುದ್ಧ ರಿಷಭ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ಕಿವಿಯೊಳಗೇ ಕೇಳಿಸುತ್ತದೆ.

ಆ ರಿಫ್ ನುಡಿಸಿದ ಟೋನಿ ಇಯೋಮಿ 17ನೇ ವಯಸ್ಸಿನಲ್ಲಿ ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯೊಂದರ ಯಂತ್ರಕ್ಕೆ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ. ಅವನು ಎಡಚ, ಹಾಗಾಗಿ ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು, ಮೇಲೆ ಚರ್ಮ ಅಂಟಿಸಿ ಮತ್ತೆ ಅಭ್ಯಾಸಕ್ಕೆ ಕೂತ. ದಪ್ಪ ತಂತಿ ಒತ್ತಲಾಗದೆ ತೆಳು ತಂತಿ ಕಟ್ಟಿದ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಹೊತ್ತಿಗೆ ಗಿಟಾರಿನ ಶ್ರುತಿಯನ್ನೇ ಮೂರು ಸ್ವರಸ್ಥಾನ ಕೆಳಗಿಳಿಸಿದ. ತಂತಿ ಸಡಿಲವಾಯಿತು, ನಾದ ಕೆಳಗಿಳಿದು ದಪ್ಪವಾಯಿತು. ಇವತ್ತು ಪ್ರಪಂಚದ ಮೂಲೆಮೂಲೆಯಲ್ಲಿ ತಂಡಗಳು ಶ್ರುತಿ ಇಳಿಸಿ ನುಡಿಸುತ್ತಿರುವುದರ ಬೇರು ಒಬ್ಬ ಕಾರ್ಮಿಕನ ಗಾಯದಲ್ಲಿದೆ.

ನಮ್ಮ ತಿರುಮಕೂಡಲಿನ ಪಿಟೀಲು ಚೌಡಯ್ಯನವರ ಏಳು ತಂತಿಗಳನ್ನು ಇದರ ಪಕ್ಕ ಇಟ್ಟು ನೋಡುವುದು ನನಗೆ ಇಷ್ಟ. ಬಿಡಾರಂ ಕೃಷ್ಣಪ್ಪನವರಂಥ ಗುರುಗಳ ಜೊತೆ, ಮೈಕು ಇಲ್ಲದ ಸಭೆಯಲ್ಲಿ, ನಾಲ್ಕು ತಂತಿಯ ಪಿಟೀಲು ಹಿಂದಿನ ಸಾಲಿನವರಿಗೆ ಕೇಳುತ್ತಿರಲಿಲ್ಲ. ಅವರು ವಾದ್ಯವನ್ನೇ ಬದಲಾಯಿಸಿದರು. ತಂತಿಗಳನ್ನು ಹೆಚ್ಚಿಸಿ ನಾದಕ್ಕೆ ಗಾತ್ರ ತಂದರು. ಸಂಪ್ರದಾಯಸ್ಥರು ಗೊಣಗಿದರು, ಕೇಳುಗರು ಅಪ್ಪಿಕೊಂಡರು. ಕೈಗೋ ಸಭೆಗೋ ಒಂದು ಕಷ್ಟ ಎದುರಾದಾಗ ವಾದ್ಯವನ್ನು ಬಗ್ಗಿಸಿ ಹೊಸ ನಾದ ಹುಟ್ಟಿಸುವ ಧೈರ್ಯ ಇಬ್ಬರಲ್ಲೂ ಒಂದೇ. ಮೆಟಲ್‌ನಲ್ಲೂ ಏಳು ತಂತಿಯ ಗಿಟಾರು ಈಗ ಮಾಮೂಲು.

ಧ್ವನಿಮುದ್ರಣದ ಮಟ್ಟಿಗೆ ಮೈಸೂರಿಗೆ ಇನ್ನೂ ದೊಡ್ಡ ನಂಟಿದೆ. ಜಯಚಾಮರಾಜೇಂದ್ರ ಒಡೆಯರ್ ಅವರು ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ಉಳಿಯಬೇಕೆಂದು ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿಗೆ ಹಣ ಕೊಟ್ಟರು. ಎಚ್‌ಎಂವಿ ಕಂಪನಿ ಅವನ್ನು ಮುದ್ರಿಸಿತು, ಪಿಯಾನೋ ನುಡಿಸಿದ್ದು ವೃದ್ಧಾಪ್ಯದಲ್ಲಿ ಆರೋಗ್ಯ ಕೆಟ್ಟಿದ್ದ ಸ್ವತಃ ಮೆಟ್ನರ್. ತಮ್ಮ ಮೂರನೆಯ ಪಿಯಾನೋ ಕಂಚರ್ಟೊವನ್ನು ಅವರು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು, 1951ರಲ್ಲಿ ತೀರಿಕೊಂಡರು. ಮಹಾರಾಜರು ಆಗ ಮುಂದೆ ಬಾರದಿದ್ದರೆ ಆ ಕೈಗಳ ನುಡಿತ ಇಷ್ಟು ಪ್ರಮಾಣದಲ್ಲಿ ನಮಗೆ ಉಳಿಯುತ್ತಿರಲಿಲ್ಲ. ಅರಮನೆಯ ಊರಿನಲ್ಲಿದ್ದುಕೊಂಡು ಆಲ್ಬಮ್ಮುಗಳ ಮೂಲ ವಾದನ ಉಳಿಯಬೇಕು ಅಂತ ನಾನು ಇಷ್ಟು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಹೊಸ ಆಲ್ಬಮ್ಮುಗಳ ವಿಮರ್ಶೆ ಬೇರೆ ಥರದ ಕೆಲಸ. ಹಳೆಯ ಆಲ್ಬಮ್ಮಿಗೆ ನಮ್ಮ ನೆನಪು ಬೆಂಬಲಕ್ಕಿರುತ್ತದೆ, ಹೊಸದು ಬರಿಗೈಯಲ್ಲಿ ಬಂದು ನಿಲ್ಲುತ್ತದೆ. ಬಿಡುಗಡೆಯಾದ ದಿನವೇ ತೀರ್ಪು ಕೊಡುವ ಆತುರ ನನಗಿಲ್ಲ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುವಾಗ ಒಮ್ಮೆ, ರಾತ್ರಿ ಕೋಣೆಯಲ್ಲಿ ಸಾಹಿತ್ಯ ಎದುರಿಗಿಟ್ಟುಕೊಂಡು ಒಮ್ಮೆ, ಆಮೇಲೆ ಒಂದು ವಾರ ಬಿಟ್ಟು ಮತ್ತೆ. ಕೇಳದೇ ಇದ್ದ ಆ ವಾರದಲ್ಲಿ ಯಾವ ರಿಫ್ ತಾನಾಗಿ ತಲೆಯೊಳಗೆ ಬಂತು ಅನ್ನುವುದು ನನಗೆ ಮುಖ್ಯ.

ಇಂಗ್ಲೆಂಡಿನ ಜೂಡಾಸ್ ಪ್ರೀಸ್ಟ್ ತಂಡದ ‘ಇನ್ವಿನ್ಸಿಬಲ್ ಶೀಲ್ಡ್’ 2024ರ ಮಾರ್ಚಿನಲ್ಲಿ ಬಂದಾಗ ಗಾಯಕ ರಾಬ್ ಹಾಲ್ಫರ್ಡ್‌ಗೆ 72 ವರ್ಷ. ವಯಸ್ಸು ನೋಡಿ ರಿಯಾಯಿತಿ ಕೊಡುವ ಅಗತ್ಯವೇ ಬರಲಿಲ್ಲ. ಗಿಟಾರ್ ವಾದಕ ಗ್ಲೆನ್ ಟಿಪ್ಟನ್ ತನಗೆ ಪಾರ್ಕಿನ್ಸನ್ಸ್ ಇದೆ ಅಂತ 2018ರಲ್ಲೇ ಹೇಳಿಕೊಂಡಿದ್ದ. ಆದರೂ ರಚನೆಯಲ್ಲಿ ಅವನ ಗುರುತು ಉದ್ದಕ್ಕೂ ಕಾಣುತ್ತದೆ. ಸ್ವೀಡನ್ನಿನ ಓಪೆತ್ ತಂಡದ ‘ದ ಲಾಸ್ಟ್ ವಿಲ್ ಆ್ಯಂಡ್ ಟೆಸ್ಟಮೆಂಟ್’ನಲ್ಲಿ, 2008ರ ‘ವಾಟರ್‌ಶೆಡ್’ ನಂತರ ಮೊದಲ ಬಾರಿಗೆ, ಗಾಯಕ ಮಿಕೇಲ್ ಓಕರ್‌ಫೆಲ್ಟ್‌ನ ಗುಡುಗು ಗಂಟಲು ಆಲ್ಬಮ್ಮಿಗೆ ವಾಪಸ್ ಬಂತು. ಜೆಥ್ರೊ ಟಲ್ ತಂಡದ ಇಯಾನ್ ಆ್ಯಂಡರ್ಸನ್ ಇದರಲ್ಲಿ ಕೊಳಲೂ ನುಡಿಸಿದ್ದಾನೆ, ನಿರೂಪಣೆಯನ್ನೂ ಮಾಡಿದ್ದಾನೆ. ಗುಡುಗು ಬಂತೆಂದು ಜನ ಕುಣಿದಾಡಿದರು. ನನಗೆ ಹಿಡಿಸಿದ್ದು ಗುಡುಗಿನಿಂದ ಸಹಜ ಗಂಟಲಿಗೆ ಇಳಿಯುವಾಗಿನ ನಯ. ಕೊಲೊರಾಡೊದ ಬ್ಲಡ್ ಇನ್‌ಕ್ಯಾಂಟೇಶನ್ ತಂಡ 2024ರಲ್ಲೇ ತಂದ ‘ಆ್ಯಬ್ಸಲ್ಯೂಟ್ ಎಲ್ಸ್‌ವೇರ್’ ಇಪ್ಪತ್ತು ನಿಮಿಷ ದಾಟುವ ಎರಡೇ ರಚನೆಗಳ ಆಲ್ಬಮ್. ಡೆತ್ ಮೆಟಲ್‌ನ ಬಿರುಸಿನ ನಡುವೆ ಸಿಂಥಸೈಜರಿನ ವಿಶಾಲ ಬಯಲುಗಳು ತೆರೆದುಕೊಳ್ಳುತ್ತವೆ. ರಾಗಂ ತಾನಂ ಪಲ್ಲವಿಗೆ ಕೂರುವ ವ್ಯವಧಾನ ಇರುವ ಊರಿದು, ಮೈಸೂರಿನವರು ಇದನ್ನು ಧಾರಾಳವಾಗಿ ಕೇಳಬಹುದು.

ನನಗೆ ಹೆಚ್ಚು ಹೇಳಬೇಕಿರುವುದು ಬೆಂಗಳೂರಿನ ಕ್ರಿಪ್ಟೋಸ್ ಬಗ್ಗೆ. 1998ರಲ್ಲಿ ಶುರುವಾದ ತಂಡ. 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದ ವೇದಿಕೆ ಹತ್ತಿದರು. ಐರನ್ ಮೇಡನ್ 2007ರ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬಂದಾಗ, ಮೈಸೂರು ಮಂಡ್ಯದ ಹುಡುಗರು ಬಸ್ಸು ರೈಲು ಹತ್ತಿ ಹೋದರು. ಆದರೆ ಮೂರು ಗಂಟೆ ದಾರಿಯಲ್ಲಿರುವ ನಮ್ಮದೇ ರಾಜ್ಯದ ತಂಡದ ಆಲ್ಬಮ್ ಕೇಳಿ ಅಂದರೆ ಮುಖ ನೋಡುತ್ತಾರೆ. ಕ್ರಿಪ್ಟೋಸ್‌ನ 2024ರ ‘ಡೆಸಿಮೇಟರ್’ ಕೇಳಿ ನೋಡಿ. ಎರಡು ಗಿಟಾರುಗಳು ಒಂದೇ ರಾಗಸಂಚಾರವನ್ನು ಬೇರೆ ಬೇರೆ ಸ್ಥಾಯಿಯಲ್ಲಿ ಹಿಡಿದು ಜೋಡೆತ್ತಿನ ಹಾಗೆ ಎಳೆಯುತ್ತವೆ. ಹಾಡುಗಳು ಚಿಕ್ಕವು, ಕೆಲಸ ಮುಗಿದ ತಕ್ಷಣ ನಿಲ್ಲುತ್ತವೆ. 80ರ ದಶಕದ ಇಂಗ್ಲಿಷ್ ಮತ್ತು ಜರ್ಮನ್ ಮೆಟಲ್‌ನಿಂದ ಕಲಿತದ್ದನ್ನು ಅವರು ಮುಚ್ಚಿಡುವುದಿಲ್ಲ, ಹೊಸದೆಂಬ ಸೋಗು ಹಾಕುವುದಿಲ್ಲ. ಇದು ಹಳೆಯದರ ನಕಲು ಅಂತ ಬರೆಯುವವರಿಗೆ ನನ್ನ ಪ್ರಶ್ನೆ: ಇಪ್ಪತ್ತೈದು ವರ್ಷ ಒಂದೇ ಶೈಲಿಯನ್ನು ಸಾಣೆ ಹಿಡಿದು ಹರಿತ ಮಾಡಿಕೊಂಡ ಗಾಯಕನನ್ನು ನಾವು ಸಂಪ್ರದಾಯಬದ್ಧ ಅಂತ ಗೌರವಿಸುತ್ತೇವಲ್ಲ, ಇವರಿಗೆ ಯಾಕೆ ಬೇರೆ ತಕ್ಕಡಿ?

ದೆಹಲಿಯ ಬ್ಲಡಿವುಡ್ ತಂಡ 2025ರಲ್ಲಿ ತಂದ ‘ನ್ಯೂ ಡೆಲ್ಲಿ’ಯಲ್ಲಿ ಢೋಲ್ ಇದೆ, ಪಂಜಾಬಿ ಇದೆ, ಹಿಂದಿ ಇದೆ. ಅವರಿಗೆ ಬಂದ ಧೈರ್ಯ ನಮ್ಮವರಿಗೂ ಬರಲಿ ಅಂತ ನನಗೆ ಬಹಳ ಆಸೆ. ಕನ್ನಡದ ಒತ್ತಕ್ಷರಗಳು, ಗಟ್ಟಿ ಮಹಾಪ್ರಾಣಗಳು ಈ ಸಂಗೀತಕ್ಕೆ ಹೇಳಿ ಮಾಡಿಸಿದ ಹಾಗಿವೆ. ಮಳವಳ್ಳಿಯ ಕಡೆಯ ತಮಟೆಯವರನ್ನು ಕೂರಿಸಿಕೊಂಡು, ಅವರ ಹೆಸರನ್ನು ರಟ್ಟಿನ ಮೇಲೆ ಮುದ್ರಿಸಿ, ಅವರಿಗೆ ಪಾಲು ಕೊಟ್ಟು ಮಾಡುವ ಒಂದು ಕನ್ನಡ ಮೆಟಲ್ ಆಲ್ಬಮ್ಮಿಗೆ ವಿಮರ್ಶೆ ಬರೆಯಲು ನಾನು ಕಾಯುತ್ತಿದ್ದೇನೆ.

ಎಲ್‌ಪಿಗಳ ವ್ಯಾಪಾರದ ಬಗ್ಗೆ ಒಂದೆರಡು ಮಾತು. ಬಣ್ಣಬಣ್ಣದ ತಟ್ಟೆ, ದಪ್ಪ ರಟ್ಟು, ಪೋಸ್ಟರು, ಬೆಲೆ ಮಾತ್ರ ಒಬ್ಬ ವಿದ್ಯಾರ್ಥಿಯ ತಿಂಗಳ ಮೆಸ್ ಬಿಲ್ಲಿನಷ್ಟು. ಎಲ್‌ಪಿಯ ಒಂದು ಪಕ್ಕದಲ್ಲಿ 22 ನಿಮಿಷದ ಆಸುಪಾಸು ಇದ್ದರೆ ಕ್ಷೇಮ. ಅದಕ್ಕಿಂತ ತುಂಬಿಸಿದರೆ ಗೆರೆಗಳು ಕಿರಿದಾಗಬೇಕು, ಗೆರೆ ಕಿರಿದಾದರೆ ಬೇಸ್ ಕಡಿಮೆ ಮಾಡಬೇಕು, ಶಬ್ದವನ್ನೂ ಇಳಿಸಬೇಕು. 65 ನಿಮಿಷದ ‘ಜಸ್ಟಿಸ್’ ಎರಡು ತಟ್ಟೆಯಲ್ಲಿ ಬರುವುದು ಅದಕ್ಕೇ. ಡಿಜಿಟಲ್‌ಗೆಂದು ಹಿಂಡಿದ ಮಾಸ್ಟರನ್ನೇ ತಂದು ಎಲ್‌ಪಿಗೆ ಒತ್ತಿ, ಮೇಲೆ ಇದು ಅನಲಾಗ್, ಅಂದರೆ ಟೇಪಿನಿಂದ ನೇರ ಬಂದದ್ದು, ಅಂತ ನಂಬಿಸುವವರೂ ಇದ್ದಾರೆ. ನಾನು ತರಿಸಿದ ಒಂದು ಎಲ್‌ಪಿ ಹಪ್ಪಳದ ಹಾಗೆ ಸೊಟ್ಟಗಾಗಿ ಬಂತು, ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ದುಡ್ಡು ಹಾಕುವ ಮೊದಲು ಯಾವ ಟೇಪಿನಿಂದ, ಯಾರು ಮಾಸ್ಟರ್ ಮಾಡಿದ್ದು ಅಂತ ಹಿಂಬದಿಯ ರಟ್ಟಿನಲ್ಲಿ ನೋಡಿ. ಎರಡೂ ಇಲ್ಲದಿದ್ದರೆ ಫೋನಿನಲ್ಲೇ ಕೇಳಿಕೊಳ್ಳಿ, ಏನೂ ನಷ್ಟವಿಲ್ಲ.

ಕೊನೆಯದಾಗಿ, ರೀಮಿಕ್ಸ್ ಬೇಕೇ ಬೇಕಾಗಿತ್ತು ಅಂತ ನಾನು ಒಪ್ಪುವ ಒಂದು ಆಲ್ಬಮ್. ಜೂಡಾಸ್ ಪ್ರೀಸ್ಟ್‌ನ ಮೊದಲ ಆಲ್ಬಮ್ ‘ರೊಕ ರೊಲ’, 1974ರದ್ದು. ನಿರ್ಮಾಪಕ ರಾಜರ್ ಬೇನ್, ಸಬ್ಬಾತ್‌ನ ಮೊದಲ ಮೂರು ಆಲ್ಬಮ್ಮುಗಳನ್ನು ಮಾಡಿದವನು. ಆದರೆ ಇಲ್ಲಿ ನಾದ ಸಪ್ಪೆಯಾಯಿತು, ತಂಡದವರಿಗೂ ಅದು ಸಮಾಧಾನ ತರಲಿಲ್ಲ. ಹಕ್ಕು ಕೂಡ ಅವರ ಕೈಯಲ್ಲಿರಲಿಲ್ಲ. ಐವತ್ತು ವರ್ಷದ ನಂತರ, 2024ರಲ್ಲಿ, ಟಾಮ್ ಆಲಮ್ ಇದನ್ನು ಹೊಸದಾಗಿ ಮಿಕ್ಸ್ ಮಾಡಿದ. ಸಬ್ಬಾತ್‌ನ ಮೊದಲ ಆಲ್ಬಮ್ಮಿಗೆ ಬೇನ್ ಜೊತೆ ಇಂಜಿನಿಯರ್ ಆಗಿದ್ದವನು, 1980ರಲ್ಲಿ ಪ್ರೀಸ್ಟ್‌ನ ‘ಬ್ರಿಟಿಷ್ ಸ್ಟೀಲ್’ ನಿರ್ಮಿಸಿದವನು ಇದೇ ಆಲಮ್. ಹೊಸ ಮಿಕ್ಸಿನಲ್ಲಿ ಯಾರನ್ನೂ ಹೊರಗೆ ಹಾಕಿಲ್ಲ. ಟಿಪ್ಟನ್, ಡೌನಿಂಗ್, ಇಯಾನ್ ಹಿಲ್, ಡ್ರಮ್ಸಿನ ಜಾನ್ ಹಿಂಚ್ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿದ್ದಾರೆ, ಇಷ್ಟು ವರ್ಷ ಮುಸುಕಿದ್ದ ಕಂಬಳಿ ಮಾತ್ರ ಸರಿದಿದೆ. ಇನ್ನೂ ತಮ್ಮ ದಾರಿ ಸಿಗದ, ಬ್ಲೂಸ್ ಕಡೆಗೊಮ್ಮೆ ಕತ್ತಲೆ ಕಡೆಗೊಮ್ಮೆ ವಾಲುವ ತಂಡ ಇದು. ದೊಡ್ಡ ಆಲ್ಬಮ್ ಅಂತ ನಾನು ಹೇಳುವುದಿಲ್ಲ, ಕೇಳಲೇಬೇಕಾದ ಆಲ್ಬಮ್ ಅಂತ ಹೇಳುತ್ತೇನೆ. ಮೊದಲು 2024ರದ್ದು, ಆಮೇಲೆ ಹಳೆಯದು. ಆಲ್ಬಮ್ಮಿನ ಹೆಸರಿನದೇ ಹಾಡಿನಲ್ಲಿ ಹಾರ್ಮೋನಿಕಾ ಬರುವಾಗ ವಾಲ್ಯೂಮ್ ಸ್ವಲ್ಪ ಏರಿಸಿ. ಅದನ್ನು ಊದುತ್ತಿರುವವನು 22 ವರ್ಷದ ರಾಬ್ ಹಾಲ್ಫರ್ಡ್.